ಹೋಳಿಗೆ ತಿಂದವರು ಕಳ್ಳರಲ್ಲ



‘ಗಿಲ್ಟಿ ಪ್ಲೆಷರ್’ ಅನ್ನುವ ಮಾತು ಈಗ ನಮ್ಮ ಮನೆ ಮಕ್ಕಳ ಬಾಯಲ್ಲಿ ದಿನಾ ಕೇಳಿಸುತ್ತದೆ. ಐಸ್‌ಕ್ರೀಂ ತಿಂದರೂ ಅದೇ, ಬೆಳಿಗ್ಗೆ ತರ್ರಿ ಪೋಹಾ ತಿಂದರೂ ಅದೇ, ಊರಿಂದ ಬಂದ ಧಾರವಾಡ ಪೇಡೆಯ ಡಬ್ಬಿ ತೆಗೆದರೂ ಅದೇ. ಸುಖಪಡುವುದು, ಜೊತೆಗೆ ತಪ್ಪು ಮಾಡಿದೆ ಅಂತ ಕೊರಗುವುದು, ಎರಡೂ ಸೇರಿ ಈ ಮಾತು.

ನಮ್ಮಲ್ಲಿ ಇದಕ್ಕೆ ಹತ್ತಿರದ ಮಾತು ‘ಬಾಯಿ ಚಪಲ’. ಚಪಲ ಅಂದರೆ ಆಸೆ, ಸ್ವಲ್ಪ ಚಂಚಲತೆ. ಅದರಲ್ಲಿ ಅಪರಾಧದ ವಾಸನೆ ಇಲ್ಲ. ಅಜ್ಜಿಯಂದಿರು ‘ಎಷ್ಟು ಚಪಲವೋ ನಿಂಗೆ’ ಅಂತ ಬೈಯುತ್ತಲೇ ಇನ್ನೊಂದು ಹೋಳಿಗೆಗೆ ತುಪ್ಪ ಹಾಕುತ್ತಿದ್ದರು. ಹೃದಯದ ಡಾಕ್ಟರಾಗಿ ಆ ತುಪ್ಪಕ್ಕಿಂತ ಈ ‘ಗಿಲ್ಟಿ’ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಯಾಕೆಂದರೆ ತಪ್ಪು ಅನ್ನಿಸಿದ್ದನ್ನು ಜನ ಮುಚ್ಚಿಡುತ್ತಾರೆ.

ಹಬ್ಬ ಮುಗಿದ ವಾರ ಓಪಿಡಿಯಲ್ಲಿ ಇದನ್ನು ನೋಡಬೇಕು. ಹಾರ್ಟ್ ಪಂಪಿಂಗ್ ಕಡಿಮೆ ಇರುವವರು ಕಾಲು ಊದಿಸಿಕೊಂಡು, ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಬರುತ್ತಾರೆ. ‘ಉಪ್ಪು ಕಡಿಮೆ ಮಾಡಿದ್ದೀರಾ?’ ಅಂದರೆ ‘ಪೂರ್ತಿ ಬಿಟ್ಟಿದ್ದೀನಿ ಡಾಕ್ಟ್ರೇ’ ಎಂಬ ಉತ್ತರ. ಪಕ್ಕದಲ್ಲಿ ಕೂತ ಮನೆಯವರು ಗೋಡೆ ನೋಡುತ್ತಾರೆ. ಹಪ್ಪಳ, ಉಪ್ಪಿನಕಾಯಿ, ಚಕ್ಲಿ ಎಲ್ಲಾ ಆಗಿರುತ್ತದೆ. ನಿಜ ಗೊತ್ತಾಗದಿದ್ದರೆ ಮಾತ್ರೆ ಸಾಲುತ್ತಿಲ್ಲ ಅಂದುಕೊಂಡು ನೀರು ಇಳಿಸುವ ಮಾತ್ರೆಯ ಡೋಸ್ ಏರಿಸಬೇಕಾಗುತ್ತದೆ. ಅದರಿಂದ ಪೊಟ್ಯಾಸಿಯಂ ಇಳಿಯಬಹುದು, ಕಿಡ್ನಿಗೂ ಹೊರೆ. ಎರಡು ಹಪ್ಪಳದ ಸಂಕೋಚಕ್ಕೆ ಇಷ್ಟೆಲ್ಲಾ.

ಶುಗರ್ ಇರುವವರದು ಇನ್ನೊಂದು ಬಗೆ. ಮಧ್ಯಾಹ್ನ ಹೋಳಿಗೆ ತಿಂದದ್ದಕ್ಕೆ ಪ್ರಾಯಶ್ಚಿತ್ತ ಅಂತ ರಾತ್ರಿ ಊಟ ಬಿಡುತ್ತಾರೆ, ಇನ್ಸುಲಿನ್ ಮಾತ್ರ ಎಂದಿನಷ್ಟೇ ತೆಗೆದುಕೊಳ್ಳುತ್ತಾರೆ. ನಡುರಾತ್ರಿ ಬೆವರು, ನಡುಕ, ಎದೆ ಬಡಿತ. ಶುಗರ್ ದಿಢೀರ್ ಇಳಿಯುವುದು ಹಾರ್ಟ್ ಪೇಷಂಟ್‌ಗೆ ಒಂದು ಹೋಳಿಗೆಗಿಂತ ಎಷ್ಟೋ ಅಪಾಯ.

ಕೊರಗಿದರೆ ಮುಂದಿನ ಸಲ ಕಡಿಮೆ ತಿನ್ನುತ್ತೇವೆ ಅನ್ನುವವರಿದ್ದಾರೆ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಅಧ್ಯಯನವೊಂದು 2014ರಲ್ಲಿ ‘ಅಪೆಟೈಟ್’ ಪತ್ರಿಕೆಯಲ್ಲಿ ಬಂತು. ಚಾಕೊಲೇಟ್ ಕೇಕ್ ಅಂದರೆ ನಿಮಗೆ ನೆನಪಾಗುವುದು ತಪ್ಪಿತಸ್ಥ ಭಾವವೋ ಸಂಭ್ರಮವೋ ಎಂದು ಅದರಲ್ಲಿ ಕೇಳಿದ್ದರು. ತಪ್ಪು ಅಂದವರಿಗೆ ಆರೋಗ್ಯದ ವಿಷಯದಲ್ಲಿ ಹೆಚ್ಚಿನ ಛಲವೇನೂ ಇರಲಿಲ್ಲ. 18 ತಿಂಗಳಲ್ಲಿ ತೂಕ ಕಾಪಾಡಿಕೊಳ್ಳುವುದರಲ್ಲಿ ಅವರೇ ಹಿಂದೆ ಬಿದ್ದರು. ಒಂದೇ ಅಧ್ಯಯನ ನಿಜ, ಆದರೆ ಓಪಿಡಿಯಲ್ಲಿ ಕಾಣುವುದೂ ಹಾಗೇ ಇದೆ.

ಈ ಮಾತಿಗೆ ಇನ್ನೊಂದು ಮುಖ ಇದೆ, ಅದು ಮೊದಲಿನದಕ್ಕಿಂತ ಕೆಟ್ಟದ್ದು. ‘ಡಾಕ್ಟ್ರೇ, ದಿನಕ್ಕೆ ಒಂದೇ ಸಿಗರೇಟು, ಅದೊಂದು ಗಿಲ್ಟಿ ಪ್ಲೆಷರ್’ ಅಂತ ನಗುತ್ತಾ ಹೇಳುತ್ತಾರೆ. ವಿದರ್ಭಕ್ಕೆ ಬಂದ ಮೇಲೆ ನಮ್ಮ ಹುಡುಗರಲ್ಲಿ ಕೆಲವರು ಖರ್ರಾ ಕಲಿತಿದ್ದಾರೆ, ಅದಕ್ಕೂ ಇದೇ ಹೆಸರು. ಹೋಳಿಗೆ ಮತ್ತು ಖರ್ರಾ ಒಂದೇ ಸಾಲಿನಲ್ಲಿ ಕೂರುವುದು ಯಾವ ನ್ಯಾಯ? ದಿನಕ್ಕೆ 20 ಸಿಗರೇಟಿನಿಂದ ಹೃದಯಕ್ಕೆ ಬರುವ ಹೆಚ್ಚುವರಿ ಅಪಾಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ದಿನಕ್ಕೆ ಒಂದೇ ಸೇದುವವರಿಗೂ ಇದೆ ಎಂದು 2018ರಲ್ಲಿ ‘ಬಿಎಂಜೆ’ಯಲ್ಲಿ ಬಂದ ವಿಶ್ಲೇಷಣೆ ಹೇಳಿತು. ತಂಬಾಕಿನಲ್ಲಿ ‘ಸ್ವಲ್ಪ’ ಅನ್ನುವುದು ಇಲ್ಲ ಕಣ್ರೀ. ಅದನ್ನು ಮುದ್ದಿನ ಹೆಸರಿನಿಂದ ಕರೆಯಬೇಡಿ, ಬಿಡಿ. ಆಗದಿದ್ದರೆ ಬನ್ನಿ, ಬಿಡಿಸಲು ಔಷಧಿ ಇದೆ.

ತಿಂಡಿಯ ವಿಷಯಕ್ಕೆ ಬಂದರೆ, ಫ್ರಿಜ್ ಮುಂದೆ ನಿಂತು ಕದ್ದು ತಿನ್ನಬೇಡಿ. ತಟ್ಟೆಯಲ್ಲಿ ಹಾಕಿಕೊಂಡು, ಎಲ್ಲರ ಎದುರು ಕೂತು, ನಿಧಾನವಾಗಿ ತಿನ್ನಿ. ಒಂದು ಸಂತ್ರಾ ಬರ್ಫಿ ಹಾಗೆ ತಿಂದರೆ ಸಾಕೆನಿಸುತ್ತದೆ, ಕದ್ದರೆ ನಾಲ್ಕಾಗುತ್ತದೆ. ಶುಗರ್ ಇದ್ದರೆ ಆ ಹೊತ್ತಿನ ಅನ್ನ ಕಡಿಮೆ ಮಾಡಿ, ಊಟ ಬಿಡಬೇಡಿ. ದಿನದ ಉಪ್ಪು 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ, ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಪ್ಪಳ, ಚಕ್ಲಿಯದೂ ಅದರಲ್ಲೇ ಬಂತು. ಹಾರ್ಟ್ ಫೇಲ್ಯೂರ್ ಇರುವವರು ನಿಮ್ಮ ಡಾಕ್ಟರ್ ಹೇಳಿದ ಲೆಕ್ಕವನ್ನೇ ಹಿಡಿಯಿರಿ.

ಮಕ್ಕಳು, ಸೊಸೆಯಂದಿರು ಒಂದು ಕೆಲಸ ಮಾಡಿ. ಸಂಘಮಿತ್ರದಲ್ಲಿ ಊರಿಂದ ಡಬ್ಬಿ ಬಂದಾಗ ಅಪ್ಪನಿಂದ ಬಚ್ಚಿಡಬೇಡಿ. ಅವರ ಜೊತೆ ಕೂತು ಒಂದನ್ನು ಅರ್ಧರ್ಧ ಮಾಡಿ ತಿನ್ನಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ, ಬಿಪಿ ನೋಡುವ ಮೊದಲೇ, ಆ ವಾರ ತಿಂದದ್ದನ್ನೆಲ್ಲ ಅವರ ಬಾಯಿಂದಲೇ ಹೇಳಿಸಿ. ಯಾರೂ ಬೈಯುವುದಿಲ್ಲ. ಬೈದರೆ ಡಾಕ್ಟರನ್ನು ಬದಲಾಯಿಸಿ.