ವಿಮಾನ ನಿಲ್ದಾಣದ ಸಿದ್ಧತೆ ರನ್‌ವೇಯಲ್ಲೇ ಮುಗಿಯಬಾರದು

ಗಲ್ಫಿನಿಂದ ಮಗ ಬರುವ ದಿನ ನಮ್ಮ ಮನೆಗಳಲ್ಲಿ ಉಮ್ಮನ ಪ್ರಶ್ನೆ ಒಂದೇ: ‘ವಿಮಾನ ಬಿಟ್ಟಿತಾ?’ 2024ರ ಏಪ್ರಿಲ್ 16ರಂದು ಈ ಪ್ರಶ್ನೆಗೆ ದುಬೈ ವಿಮಾನ ನಿಲ್ದಾಣದೊಳಗೆ ಕುಳಿತವರಿಗೂ ಉತ್ತರ ಗೊತ್ತಿರಲಿಲ್ಲ. ಯುಎಇಯಲ್ಲಿ ಮಳೆಯ ಲೆಕ್ಕ ಇಡಲು ಶುರು ಮಾಡಿದ 75 ವರ್ಷಗಳಲ್ಲೇ ಅತಿ ದೊಡ್ಡ ಮಳೆ ಅದು. ವಿಮಾನಗಳು ಓಡಾಡುವ ದಾರಿಗಳೇ ಹೊಳೆಯಂತಾದವು. ಎರಡು ದಿನದಲ್ಲಿ 1,244 ವಿಮಾನಗಳು ರದ್ದಾದವು, 41 ವಿಮಾನಗಳು ಬೇರೆ ಕಡೆ ಹೋಗಿ ಇಳಿದವು. ಕೈಮಗು ಇದ್ದವರು, ವಯಸ್ಸಾದವರು ಎಲ್ಲರೂ ನೆಲದ ಮೇಲೆಯೇ ರಾತ್ರಿ ಕಳೆದರು.

ಅಲ್ಲಿ ಒಂದು ದಿನದಲ್ಲಿ ಸುರಿದದ್ದು ಸುಮಾರು 140 ಮಿಲಿಮೀಟರ್. ಆಟಿ ತಿಂಗಳಲ್ಲಿ ಅಷ್ಟು ಮಳೆ ಬಂದರೆ ನಾವು ಕೊಡೆ ಹಿಡಿದು ಪೇಟೆಗೆ ಹೋಗಿ ಬರುತ್ತೇವೆ. ದುಬೈಯ ಚರಂಡಿಗಳನ್ನು ಅಂಥ ಮಳೆಗೆಂದು ಕಟ್ಟಿದ್ದೇ ಅಲ್ಲ. ನಮಗೆ ಮಾಮೂಲಿ ಮಳೆ, ಅಲ್ಲಿಗೆ ಅನಾಹುತ. ಎರಡು ತಿಂಗಳು ಕಳೆದ ಸ್ವಲ್ಪದರಲ್ಲೇ ದುಬೈ ಆಡಳಿತ 3,000 ಕೋಟಿ ದಿರ್ಹಮ್‌ನ ಮಳೆನೀರು ಚರಂಡಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಣ ಇದ್ದವರೂ ಪೆಟ್ಟು ತಿಂದ ಮೇಲೆಯೇ ಎದ್ದದ್ದು!

ಹತ್ತಿರದ ಕೊಚ್ಚಿಯನ್ನು ನೋಡಿ. 2018ರ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿ ನಿಲ್ದಾಣದೊಳಗೆ ನುಗ್ಗಿತು. ಎರಡು ವಾರ ವಿಮಾನ ಇಲ್ಲ. ಪಕ್ಕದ ನೌಕಾನೆಲೆಯಲ್ಲಿ ಸಣ್ಣ ವಿಮಾನಗಳನ್ನು ಇಳಿಸಬೇಕಾಯಿತು.

ಭೂಕಂಪದ ಮಾತಿಗೆ ಬಂದರೆ, ಕಟ್ಮಂಡು ಕಲಿಸುವುದು ಬಹಳ ಉಂಟು. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪ ಆಯಿತು. ಅದಕ್ಕೆ ಒಂದು ತಿಂಗಳ ಮೊದಲಷ್ಟೇ ವಿಶ್ವ ಆಹಾರ ಕಾರ್ಯಕ್ರಮದವರು ಆ ನಿಲ್ದಾಣದಲ್ಲಿ ಪರಿಹಾರ ಸಾಮಗ್ರಿ ಇಳಿಸಿ ಹಂಚುವ ಜಾಗ ತೆರೆದಿದ್ದರು. ಅದು ದೊಡ್ಡ ಉಪಕಾರವಾಯಿತು. ಆದರೆ ಇದ್ದದ್ದು ಒಂದೇ ರನ್‌ವೇ, ವಿಮಾನ ನಿಲ್ಲಿಸಲು ಜಾಗವೂ ಕಮ್ಮಿ. ಪರಿಹಾರ ಹೊತ್ತ ವಿಮಾನಗಳೇ ಆಕಾಶದಲ್ಲಿ ಸುತ್ತಿ ವಾಪಸ್ ಹೋದದ್ದುಂಟು. ಭಾರದ ವಿಮಾನಗಳಿಂದ ರನ್‌ವೇ ಹಾಳಾಗಿ, ಎಂಟೇ ದಿನದಲ್ಲಿ ದೊಡ್ಡ ವಿಮಾನಗಳನ್ನು ತಡೆಯಬೇಕಾಯಿತು. ಅಂದರೆ, ಊರಿಗೆ ವಿಪತ್ತು ಬಂದಾಗ ವಿಮಾನ ನಿಲ್ದಾಣ ಎಂಬುದು ಪ್ರಯಾಣಿಕರ ಜಾಗ ಮಾತ್ರ ಅಲ್ಲ. ಅನ್ನ, ಮದ್ದು, ಡಾಕ್ಟರು ಎಲ್ಲ ಬಂದಿಳಿಯುವ ಬಾಗಿಲು ಅದು.

ಜಪಾನಿನವರು ಸಿದ್ಧತೆಯಲ್ಲಿ ಜಗತ್ತಿಗೇ ಮುಂದು. ಸಮುದ್ರದಲ್ಲಿ ಮಣ್ಣು ತುಂಬಿಸಿ ಕಟ್ಟಿದ ಕನ್ಸಾಯಿ ನಿಲ್ದಾಣ 1995ರ ಕೋಬೆ ಭೂಕಂಪವನ್ನು ತಡೆದುಕೊಂಡಿತು. ಅದೇ ನಿಲ್ದಾಣ 2018ರ ಚಂಡಮಾರುತಕ್ಕೆ ಸೋತಿತು. ನೆಲಮಾಳಿಗೆಯ ವಿದ್ಯುತ್ ಯಂತ್ರಗಳಿಗೆ ಸಮುದ್ರದ ನೀರು ನುಗ್ಗಿತು. ದಡಕ್ಕೆ ಇದ್ದ ಒಂದೇ ಸೇತುವೆಗೆ ಹಡಗು ಬಂದು ಗುದ್ದಿತು. ಸಾವಿರಾರು ಜನ ರಾತ್ರಿಯಿಡೀ ಒಳಗೇ ಉಳಿದರು.

ಒಂದೇ ಸೇತುವೆ ಅಂದಾಗ ನಮಗೆ ಮರವೂರು ನೆನಪಾಗಬೇಕು, ಅಲ್ವಾ? 2021ರ ಜೂನ್‌ನಲ್ಲಿ ಆ ಸೇತುವೆ ಕುಸಿದು ಕುಳಿತು, ಮಂಗಳೂರಿನಿಂದ ಬಜ್ಪೆಗೆ ಹೋಗುವವರು ಸುತ್ತು ದಾರಿ ಹಿಡಿಯಬೇಕಾಯಿತು. ಗುಡ್ಡದ ಮೇಲಿನ ನಿಲ್ದಾಣಕ್ಕೆ ನೆರೆ ನುಗ್ಗಲಿಕ್ಕಿಲ್ಲ. ಆದರೆ ಗುಡ್ಡ ಜರಿಯಬಹುದು, ರಸ್ತೆ ಕಡಿಯಬಹುದು, ಕರೆಂಟು ಹೋಗಬಹುದು.

ಪ್ರತಿ ಎರಡು ವರ್ಷಕ್ಕೊಮ್ಮೆಯಾದರೂ ಪೂರ್ಣ ಪ್ರಮಾಣದ ತುರ್ತು ಅಣಕು ಕಾರ್ಯಾಚರಣೆ ಮಾಡಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಹೆಚ್ಚಾಗಿ ಅದರಲ್ಲಿ ಕಾಣುವುದು ವಿಮಾನಕ್ಕೆ ಬೆಂಕಿ ಬಿದ್ದ ದೃಶ್ಯ. ಅದು ಬೇಕೇ ಬೇಕು. 2010ರ ಮೇ 22ರಂದು 158 ಮಂದಿಯನ್ನು ಕಳೆದುಕೊಂಡ ಊರು ನಮ್ಮದು. ಆದರೆ ನನ್ನ ಪ್ರಶ್ನೆ ಬೇರೆ. ಎರಡು ದಿನ ವಿಮಾನ ಹಾರದೆ ಸಾವಿರ ಜನ ಒಳಗೆ ಸಿಕ್ಕಿಬಿದ್ದರೆ ಎಂತ ಮಾಡುವುದು? ಕುಡಿಯುವ ನೀರು, ಊಟ, ಶೌಚಾಲಯ, ಸಕ್ಕರೆ ಕಾಯಿಲೆಯವರ ಮದ್ದು ಯಾರ ಹೊಣೆ? ಉಮ್ರಾ ಮುಗಿಸಿ ಬಂದ ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೆ ಅವರ ಭಾಷೆಯಲ್ಲಿ ಹೇಳುವವರು ಯಾರು? ಹೊರಗೆ ಕಾಯುವ ಮನೆಯವರಿಗೆ ನಿಜ ಸುದ್ದಿ ಕೊಡುವವರು ಯಾರು? ಇದನ್ನೂ ಅಣಕು ಕಾರ್ಯಾಚರಣೆಯಲ್ಲಿ ಸೇರಿಸಬೇಕು. ಜಿಲ್ಲಾಡಳಿತವೂ ನಿಲ್ದಾಣದವರೂ ಕೂತು ಯೋಜನೆ ಮಾಡಿ, ಅದನ್ನು ಜನರಿಗೆ ತಿಳಿಸಬೇಕು. ನಮ್ಮ ಸಂಘ ಸಂಸ್ಥೆಗಳು ಸನ್ಮಾನದ ಮನವಿ ಕೊಡುವಾಗ ಇದರ ಮನವಿಯನ್ನೂ ಕೊಡಲಿ.

ನಮ್ಮ ಕಡೆಯಿಂದಲೂ ಸ್ವಲ್ಪ ಕೆಲಸ ಉಂಟು. ಎರಡು ಮೂರು ದಿನದ ಮದ್ದು, ಮಗುವಿನ ಒಂದು ಜೊತೆ ಬಟ್ಟೆ, ಚಾರ್ಜರ್ ಇವೆಲ್ಲ ಕೈಚೀಲದಲ್ಲೇ ಇರಲಿ. ಪಾಸ್‌ಪೋರ್ಟ್, ವೀಸಾದ ಪ್ರತಿ ಮನೆಯವರ ಮೊಬೈಲಿನಲ್ಲೂ ಇರಲಿ. ವೀಸಾ ಮುಗಿಯುವ ಕೊನೆಯ ದಿನಕ್ಕೇ ಟಿಕೆಟ್ ಮಾಡುವ ಅಭ್ಯಾಸ ಬಿಡೋಣ. ಪ್ರಕೃತಿ ವಿಕೋಪದಿಂದ ವಿಮಾನ ರದ್ದಾದರೆ ನಷ್ಟ ಪರಿಹಾರ ಸಿಗದಿರಬಹುದು. ಆದರೂ ಬೇರೆ ವಿಮಾನ ಅಥವಾ ಟಿಕೆಟಿನ ಹಣ ಕೇಳುವುದು ನಮ್ಮ ಹಕ್ಕು.

ಮಳೆ, ಭೂಕಂಪ ನಮ್ಮನ್ನು ಕೇಳಿ ಬರುವುದಿಲ್ಲ. ಆದರೆ ವಿಮಾನ ಬಿಡದ ರಾತ್ರಿಯಲ್ಲೂ ‘ಮಗ ಎಲ್ಲಿದ್ದಾನೆ, ಊಟ ಮಾಡಿದನಾ’ ಎಂದು ಕೇಳುವ ಉಮ್ಮನಿಗೆ ಒಂದು ಉತ್ತರ ಸಿಗಬೇಕು. ಅದಕ್ಕೆ ಬೇಕಾದ ತಯಾರಿ ಈಗಲೇ ಆಗಲಿ.