ಲ್ಯಾಬ್‌ಗಾಗಿ ಸಾಲ ಬೇಡ, ಮನೆಯ ಮೇಜೇ ಸಾಕು

ನೆಟ್‌ವರ್ಕಿಂಗ್ ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಸಂದರ್ಶನದಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ‘ನೀವೇ ಕೈಯಾರೆ ಏನು ಮಾಡಿದ್ದೀರಿ?’ ಓಎಸ್‌ಐ ಮಾದರಿಯ ಏಳು ಪದರಗಳನ್ನು ಮಗ್ಗಿಯಂತೆ ಒಪ್ಪಿಸಿದವರೂ ಇಲ್ಲಿ ತಡವರಿಸುತ್ತಾರೆ. ಅದನ್ನು ದಡ್ಡತನ ಎನ್ನಲಾಗದು. ಮೂರು–ನಾಲ್ಕು ವರ್ಷದ ಓದಿನಲ್ಲಿ ಒಂದು ಸ್ವಿಚ್ಚಿನ ಮುಂದೆ ಒಬ್ಬರೇ ಕೂತು ಒಂದು ಗಂಟೆ ಕಳೆಯುವ ಅವಕಾಶವೇ ಅನೇಕರಿಗೆ ಸಿಕ್ಕಿರುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಒಂದು ಉಪಕರಣ, ಸುತ್ತ ಹತ್ತು ತಲೆ. ಮುಂದೆ ನಿಂತವರಿಗಷ್ಟೇ ಕೀಬೋರ್ಡ್.

ಕೆಲವು ತರಬೇತಿ ಕೇಂದ್ರಗಳಿಗೆ ಈ ಕೊರತೆಯೇ ಬಂಡವಾಳ. ‘ನಿಜವಾದ ಉಪಕರಣಗಳ ಲ್ಯಾಬ್’ ಎಂಬ ಜಾಹೀರಾತು ನೋಡಿ ರಾಯಚೂರು, ಹಾವೇರಿ, ಚಾಮರಾಜನಗರದ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಕೋರ್ಸಿನ ಶುಲ್ಕ, ಪಿ.ಜಿ. ಬಾಡಿಗೆ, ಊಟದ ಖರ್ಚು. ಊರಿನಲ್ಲಿ ಅಪ್ಪ ಸೊಸೈಟಿಯಿಂದ ಸಾಲ ಎತ್ತಿರುತ್ತಾರೆ, ಇಲ್ಲವೇ ಅಮ್ಮನ ಬಳೆ ಬ್ಯಾಂಕಿನಲ್ಲಿರುತ್ತದೆ. ಎಲ್ಲ ಕೇಂದ್ರಗಳೂ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮೇಷ್ಟ್ರು ಸಿಕ್ಕರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಲ್ಯಾಬ್ ಬೇಕು ಎಂಬ ಒಂದೇ ಕಾರಣಕ್ಕೆ ಸಾಲ ಮಾಡಬೇಕಾದ ಕಾಲ ಮುಗಿದಿದೆ.

ಉದಾಹರಣೆಗೆ ಸಿಸ್ಕೊ ಕಂಪನಿಯ ಸಿಸಿಎನ್‌ಎ ಪರೀಕ್ಷೆಯನ್ನೇ ನೋಡಿ. 200–301 ಸಂಖ್ಯೆಯ ಈ ಪರೀಕ್ಷೆ 2020ರ ಫೆಬ್ರುವರಿಯಿಂದ ನಡೆಯುತ್ತಿದೆ. ಅವಧಿ 120 ನಿಮಿಷ. ಬರೆಯಲು ಇಂಥದ್ದೇ ಪದವಿ ಬೇಕೆಂದಿಲ್ಲ. ಶುಲ್ಕ 300 ಡಾಲರ್, ತೆರಿಗೆ ಬೇರೆ. ಪಾಸಾದರೆ ಸರ್ಟಿಫಿಕೇಟಿನ ಆಯುಸ್ಸು ಮೂರು ವರ್ಷ. ಪಠ್ಯದಲ್ಲಿ ಐಪಿ ಸಂಪರ್ಕಕ್ಕೆ ಶೇ 25, ನೆಟ್‌ವರ್ಕಿನ ಮೂಲ ತತ್ವಗಳಿಗೆ ಮತ್ತು ನೆಟ್‌ವರ್ಕ್ ಪ್ರವೇಶಕ್ಕೆ ತಲಾ ಶೇ 20, ಭದ್ರತೆಗೆ ಶೇ 15, ಐಪಿ ಸೇವೆಗಳಿಗೆ ಮತ್ತು ಆಟೊಮೇಷನ್‌ಗೆ ತಲಾ ಶೇ 10ರಷ್ಟು ಪಾಲು. ಪರೀಕ್ಷಾ ಶುಲ್ಕವೇ ಬಡ ಕುಟುಂಬಕ್ಕೆ ದೊಡ್ಡ ಮೊತ್ತ. ಹಾಗಾಗಿ ಅಭ್ಯಾಸದ ಖರ್ಚನ್ನು ಎಷ್ಟು ಇಳಿಸಿದರೂ ಒಳ್ಳೆಯದೇ.

ಮೊದಲ ಮೆಟ್ಟಿಲಿಗೆ ಒಂದು ರೂಪಾಯಿಯೂ ಬೇಡ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ‘ಪ್ಯಾಕೆಟ್ ಟ್ರೇಸರ್’ ಉಚಿತವಾಗಿ ಸಿಗುತ್ತದೆ. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ವಿಎಲ್‌ಎಎನ್, ಟ್ರಂಕ್, ಓಎಸ್‌ಪಿಎಫ್, ಡಿಎಚ್‌ಸಿಪಿ, ನ್ಯಾಟ್, ಆಕ್ಸೆಸ್ ಲಿಸ್ಟ್ ಇವನ್ನೆಲ್ಲ ಇದರಲ್ಲೇ ಕಲಿಯಬಹುದು. ಇದು ನಿಜವಾದ ಉಪಕರಣದ ಅನುಕರಣೆ ಮಾತ್ರ, ಎಲ್ಲ ಕಮಾಂಡುಗಳೂ ಇದರಲ್ಲಿ ಇಲ್ಲ. ಆದರೂ ಸಿಸಿಎನ್‌ಎ ಓದಿನ ಬಹುಭಾಗಕ್ಕೆ ಸಾಕಾಗುತ್ತದೆ.

ಎರಡನೇ ಮೆಟ್ಟಿಲು ಜಿಎನ್‌ಎಸ್3, ಈವ್–ಎನ್‌ಜಿಯಂಥ ತಂತ್ರಾಂಶಗಳು. ಇವುಗಳಿಗೆ ರ‍್ಯಾಮ್ ಸ್ವಲ್ಪ ಹೆಚ್ಚು ಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತಂತ್ರಾಂಶ ಉಚಿತವಾದರೂ ಅದರೊಳಗೆ ಓಡಿಸುವ ಸಿಸ್ಕೊ ಇಮೇಜ್‌ಗಳಿಗೆ ಪರವಾನಗಿ ಬೇಕು. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ದಾಟುವ ಪ್ರತಿಗಳನ್ನು ನೆಚ್ಚಿಕೊಳ್ಳುವ ಬದಲು, ಸಿಸ್ಕೊ ಮಾಡೆಲಿಂಗ್ ಲ್ಯಾಬ್ಸ್‌ನ ಉಚಿತ ಆವೃತ್ತಿಯಲ್ಲಿ ಐದು ನೋಡ್‌ಗಳವರೆಗೆ ಕಾನೂನುಬದ್ಧವಾಗಿ ಕಟ್ಟಬಹುದು. ಲಿನಕ್ಸ್ ಮೇಲೆ ಎಫ್‌ಆರ್‌ರೂಟಿಂಗ್ ಹಾಕಿದರೆ ಓಎಸ್‌ಪಿಎಫ್, ಬಿಜಿಪಿ ಎರಡನ್ನೂ ಪುಕ್ಕಟೆ ಪಳಗಿಸಿಕೊಳ್ಳಬಹುದು. ತಂತಿಯ ಮೇಲೆ ಏನು ಹರಿಯುತ್ತಿದೆ ಎಂದು ನೋಡಲು ವೈರ್‌ಶಾರ್ಕ್ ಇದ್ದೇ ಇದೆ, ಅದೂ ಉಚಿತ.

ಮೂರನೇ ಮೆಟ್ಟಿಲಷ್ಟೇ ಹಣ ಕೇಳುವುದು. ಕಂಪನಿಗಳು ಬದಲಿಸಿ ಹಾಕಿದ ಕ್ಯಾಟಲಿಸ್ಟ್ 2960ರಂಥ ಸ್ವಿಚ್ಚುಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡುವ ಬಾಯಿ ಇದ್ದರೆ ಹೊಸದರ ಬೆಲೆಯ ಸಣ್ಣ ಪಾಲಿಗೆ ಕೈಗೆ ಬರುತ್ತವೆ. ದಾವಣಗೆರೆಯಲ್ಲಿ ಓದುವಾಗ ನಾವು ಮೂವರು ಗೆಳೆಯರು ದುಡ್ಡು ಕೂಡಿಸಿ ಎರಡು ಹಳೆಯ ಸ್ವಿಚ್, ಒಂದು ರೂಟರ್ ತಂದಿದ್ದೆವು. ಒಂದೊಂದು ವಾರ ಒಬ್ಬೊಬ್ಬರ ಮನೆ. ಒಬ್ಬರೇ ಭರಿಸಲಾಗದ್ದನ್ನು ಮೂವರು ಭರಿಸಬಹುದು.

ಕೊಳ್ಳುವಾಗ ಅಂಗಡಿಯಲ್ಲೇ ವಿದ್ಯುತ್ ಕೊಟ್ಟು ನೋಡಿ. ಕನ್ಸೋಲ್ ಕೇಬಲ್, ಯುಎಸ್‌ಬಿ ಅಡಾಪ್ಟರ್, ಲ್ಯಾಪ್‌ಟಾಪ್ ಜೊತೆಗಿರಲಿ. ಪುಟ್ಟಿಯಲ್ಲಿ 9600 ವೇಗ, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಇಟ್ಟರೆ ಬೂಟ್ ಆಗುವುದು ಸಾಲುಸಾಲಾಗಿ ಕಾಣುತ್ತದೆ. ಹಿಂದಿನವರ ಪಾಸ್‌ವರ್ಡ್ ಉಳಿದಿದ್ದರೆ ಗಾಬರಿ ಬೇಡ. ಸ್ವಿಚ್ಚಿನ ಮೋಡ್ ಗುಂಡಿ ಒತ್ತಿ ಹಿಡಿದು ಅದನ್ನು ತೆಗೆಯುವುದೇ ನಿಮ್ಮ ಮೊದಲ ಪಾಠವಾಗಲಿ. ಆಳೆತ್ತರದ ರ‍್ಯಾಕ್ ತುಂಬ ಕೊಳ್ಳುವ ಆಸೆ ಬೇಡ. ಹಳೆಯ ರೂಟರುಗಳ ಫ್ಯಾನ್ ಸದ್ದಿಗೆ ಮನೆಯವರ ನಿದ್ದೆ ಕೆಡುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ.

ಲ್ಯಾಬ್ ಕಟ್ಟಿದ ಮಾತ್ರಕ್ಕೆ ಕಲಿತಂತಲ್ಲ. ವಿಡಿಯೊ ನೋಡುತ್ತ ಅದರಲ್ಲಿದ್ದುದನ್ನೇ ಟೈಪ್ ಮಾಡಿದರೆ ಬೆರಳಿಗೆ ವ್ಯಾಯಾಮವಾಗುತ್ತದೆ, ಅಷ್ಟೇ. ಸರಿಯಾಗಿ ನಡೆಯುತ್ತಿರುವುದನ್ನು ಕೆಡಿಸಿ ನೋಡಬೇಕು. ಎರಡು ಸ್ವಿಚ್ಚುಗಳ ನಡುವೆ ಎರಡು ಕೇಬಲ್ ಹಾಕಿ. ಒಂದು ಪೋರ್ಟಿನ ದೀಪ ಕಿತ್ತಳೆ ಬಣ್ಣದಲ್ಲೇ ನಿಲ್ಲುತ್ತದೆ. ಸುತ್ತುಬಳಸು ಆಗದಂತೆ ಸ್ಪ್ಯಾನಿಂಗ್ ಟ್ರೀ ಅದನ್ನು ತಡೆದಿರುತ್ತದೆ. ಈಗ ಹಸಿರು ದೀಪದ ಕೇಬಲ್ ಕೀಳಿ. ಸುಮಾರು 30 ಸೆಕೆಂಡಿಗೆ ಕಿತ್ತಳೆ ಹಸಿರಾಗುತ್ತದೆ. ಪುಸ್ತಕದಲ್ಲಿ ಓದಿದ 15 ಸೆಕೆಂಡ್ ಆಲಿಸುವ ಹಂತ, 15 ಸೆಕೆಂಡ್ ಕಲಿಯುವ ಹಂತ ಕಣ್ಣೆದುರೇ ನಡೆದುಹೋಯಿತು. ಇದನ್ನು ಒಮ್ಮೆ ನೋಡಿದವರಿಗೆ ಬಾಯಿಪಾಠ ಬೇಕಾಗುವುದಿಲ್ಲ.

ಗೆಳೆಯರಿದ್ದರೆ ಇನ್ನೂ ಒಳ್ಳೆಯದು. ಒಬ್ಬರು ಗುಟ್ಟಾಗಿ ದೋಷ ಹಾಕಲಿ, ಇನ್ನೊಬ್ಬರು ಹುಡುಕಲಿ. ಟ್ರಂಕ್‌ನಲ್ಲಿ ಒಂದು ವಿಎಲ್‌ಎಎನ್‌ಗೆ ಅನುಮತಿ ತೆಗೆಯಿರಿ, ಒಂದೇ ರೂಟರಿನಲ್ಲಿ ಓಎಸ್‌ಪಿಎಫ್ ಹಲೊ ಸಮಯ ಬದಲಿಸಿ, 255.255.255.192 ಇರಬೇಕಾದಲ್ಲಿ ಬೇರೆ ಮಾಸ್ಕ್ ಬರೆಯಿರಿ. ಏನು ಕೆಟ್ಟಿತ್ತು, ಯಾವ ಕಮಾಂಡ್ ಸುಳಿವು ಕೊಟ್ಟಿತು, ಹೇಗೆ ಸರಿಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ‘ಕೈಯಾರೆ ಏನು ಮಾಡಿದ್ದೀರಿ’ ಎಂದು ಕೇಳಿದವರ ಮುಂದೆ ಆ ನೋಟ್‌ಬುಕ್ ಇಡಬಹುದು.

ಪ್ರಶ್ನೋತ್ತರ ಕದ್ದು ಮಾರುವ ‘ಡಂಪ್’ ಓದಿ ಪಾಸಾಗುವವರೂ ಇದ್ದಾರೆ. ಪರೀಕ್ಷೆಯ ನಿಯಮದ ಪ್ರಕಾರ ಅದು ಅಕ್ರಮ, ಸರ್ಟಿಫಿಕೇಟೇ ರದ್ದಾಗಬಹುದು. ರದ್ದಾಗದಿದ್ದರೂ ಕೆಲಸ ಸಿಕ್ಕಿದ ಮೊದಲ ರಾತ್ರಿ ಪಾಳಿಯಲ್ಲಿ ಒಂದು ಲಿಂಕ್ ಬಿದ್ದಾಗ ಡಂಪ್ ನೆರವಿಗೆ ಬರುವುದಿಲ್ಲ.

‘ಎಲ್ಲವೂ ಕ್ಲೌಡ್‌ಗೆ ಹೋಗಿದೆ, ಇನ್ನು ಸ್ವಿಚ್ ಯಾಕೆ?’ ಎಂದು ಕೇಳುವವರಿದ್ದಾರೆ. ಕ್ಲೌಡ್‌ನಲ್ಲೂ ಸಬ್‌ನೆಟ್ ಇದೆ, ರೂಟ್ ಟೇಬಲ್ ಇದೆ, ಫೈರ್‌ವಾಲ್ ನಿಯಮ ಇದೆ. ಮನೆಯಲ್ಲಿ ಕಲಿತದ್ದು ಅಲ್ಲಿಯೂ ನಡೆಯುತ್ತದೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಸರ್ಟಿಫಿಕೇಟ್ ಬಂದ ಕೂಡಲೇ ದೊಡ್ಡ ಸಂಬಳ ಕಾದಿರುವುದಿಲ್ಲ. ಡೆಸ್ಕ್‌ಟಾಪ್ ಸಪೋರ್ಟ್, ರಾತ್ರಿ ಪಾಳಿಯ ಮಾನಿಟರಿಂಗ್ ಇಂಥಲ್ಲಿಂದಲೇ ಹಲವರ ಆರಂಭ. ಅಂಥ ಆರಂಭಕ್ಕೆ ಲಕ್ಷದ ಸಾಲ ಹೊತ್ತು ಹೋಗುವುದು ಬೇಡ ಎಂದೇ ಇಷ್ಟೆಲ್ಲ ಹೇಳುತ್ತಿರುವುದು. ದೂರದ ಊರಿಗೆ ಕಳಿಸಲು ಮನೆಯವರು ಒಪ್ಪದ ಹೆಣ್ಣುಮಕ್ಕಳಿಗಂತೂ ಮನೆಯ ಲ್ಯಾಬ್ ಇರುವ ಒಂದೇ ದಾರಿಯೂ ಆಗಬಹುದು.

ಲ್ಯಾಪ್‌ಟಾಪೇ ಇಲ್ಲದವರ ಗತಿ? ಇಲ್ಲಿ ಕಾಲೇಜುಗಳ, ಸರ್ಕಾರದ ಹೊಣೆ ಬರುತ್ತದೆ. ಗ್ರಾಮ ಪಂಚಾಯಿತಿಗಳ ‘ಅರಿವು ಕೇಂದ್ರ’ಗಳಲ್ಲಿ ಕಂಪ್ಯೂಟರ್ ಇರುವ ಕಡೆ ಪ್ಯಾಕೆಟ್ ಟ್ರೇಸರ್ ಹಾಕಿಕೊಡುವುದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ. ಕಾಲೇಜುಗಳು ಸಂಜೆ ಎರಡು ಗಂಟೆ ಲ್ಯಾಬಿನ ಬಾಗಿಲು ತೆರೆದಿಡಲಿ. ನೆಟ್‌ವರ್ಕ್ ಬದಲಿಸಿದಾಗ ಕಳಚಿದ ಹಳೆಯ ಸ್ವಿಚ್ಚುಗಳನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವ ಮೊದಲು ಗ್ರಂಥಾಲಯದ ಒಂದು ಕಪಾಟಿನಲ್ಲಿಡಲಿ. ಪುಸ್ತಕ ಕೊಡುವಂತೆಯೇ ಅವನ್ನೂ ಹದಿನೈದು ದಿನಕ್ಕೆ ವಿದ್ಯಾರ್ಥಿಗಳ ಕೈಗೆ ಕೊಡಲಿ. ಕೊಡದಿದ್ದರೆ ಕೇಳಿ. ನಾಲ್ಕು ಮಂದಿ ಸಹಿ ಹಾಕಿ ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆಯಲು ಯಾವ ಸರ್ಟಿಫಿಕೇಟೂ ಬೇಡ.