ಮೇಣ ಕರಗಿ ಮೂರ್ತಿಯಾಗುವ ಬಗೆ

ಮುಡುಕುತೊರೆ ಮಲ್ಲಿಕಾರ್ಜುನಸ್ವಾಮಿ ಜಾತ್ರೆಯಲ್ಲಿ ಉತ್ಸವಮೂರ್ತಿಗೆ ಕೈಮುಗಿಯುತ್ತಾ, 'ಇಂಥ ಲೋಹದ ಮೂರ್ತಿ ಹೇಗಪ್ಪಾ ಮಾಡ್ತಾರೆ' ಅಂದುಕೊಂಡಿದ್ದೀರಾ, ಸೋದರಿಯರೇ?

ಮೊದಲು ಜೇನುಮೇಣಕ್ಕೆ ರಾಳ, ಎಣ್ಣೆ ಬೆರೆಸಿ ಮೂರ್ತಿ ತಿದ್ದುತ್ತಾರೆ. ಕಣ್ಣು, ಒಡವೆ, ಸೀರೆಯ ನೆರಿಗೆ ಎಲ್ಲಾ ಮೇಣದಲ್ಲೇ. ಅದಕ್ಕೆ ನುಣ್ಣನೆಯ ಮಣ್ಣು ಸವರಿ, ಮೇಲೆ ದಪ್ಪಗೆ ಮೆತ್ತಿ, ಒಣಗಿಸಿ ಕಾಯಿಸಿದರೆ ಮೇಣ ಕರಗಿ ಸುರಿದುಹೋಗುತ್ತೆ. ಆ ಟೊಳ್ಳಿಗೆ ಕರಗಿಸಿದ ಕಂಚು ಹೊಯ್ಯುತ್ತಾರೆ. ಒಳಗೆ ತೇವ ಉಳಿದಿತ್ತೋ, ಕಾದೆಣ್ಣೆಗೆ ನೀರು ಬಿದ್ದ ಹಾಗೆ ಸಿಡಿದು ಅಷ್ಟೂ ದಿನದ ದುಡಿಮೆ ಹಾಳು! ಮೇಣದ ಮೂರ್ತಿಯೂ ಇಲ್ಲ, ಕಂಚಿನದೂ ಇಲ್ಲ.

ಲೋಹ ಎಷ್ಟು ಬೇಕು? ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲೇ ಹೇಳಿದ್ದಾನೆ: ತಾಮ್ರವಾದರೆ ಮೇಣದ ತೂಕದ 8 ಪಟ್ಟು. (ನಮ್ಮ ಪಾಕದ ಅಳತೆಯ ಹಾಗೇ!)

ಆರಿದ ಮೇಲೆ ಅಚ್ಚನ್ನು ಒಡೆದೇ ತೆಗೆಯಬೇಕು. ಹಾಗಾಗಿ ಒಂದು ಅಚ್ಚಿಗೆ ಒಂದೇ ಮೂರ್ತಿ.